ಇಸ್ತ್ರಿ ಅಕ್ಕನನ್ನು ಕಳಿಸಿಕೊಟ್ಟ ದಿನ

"ಮುಂದಿನದು ಕೊಡಿ ಚಿಕ್ಕಮ್ಮ, ಕೆಂಡ ಆರ್ತಾ ಇದೆ" ಎಂದು ಇಸ್ತ್ರಿ ಅಕ್ಕನ ಮಗಳು ಕಿಡಿ ತಿರುಗಿಯೂ ನೋಡದೆ ಎಡಗೈಯನ್ನು ಹಿಂದಕ್ಕೆ ಚಾಚಿದಳು.

"ಆರಲಿ ಬಿಡೇ. ಹೆತ್ತ ತಾಯಿಯನ್ನ ಒಳಗೆ ಮಲಗಿಸಿಟ್ಟು ಊರವರ ಅಂಗಿ ಇಸ್ತ್ರಿ ಮಾಡ್ತಾ ನಿಂತವಳನ್ನ ನಾನೆಲ್ಲೂ ಕಂಡಿಲ್ಲ" ಎನ್ನುತ್ತಲೇ ಚಿಕ್ಕಮ್ಮ ಮುಂದಿನ ಅಂಗಿಯನ್ನು ಕೊಡವಿ, ನೀರು ಚಿಮುಕಿಸಿ, ಅವಳ ಕೈಗಿಟ್ಟಳು.

ಬಾಗಿಲಾಚೆ ಹದಿನೆಂಟು ಗಂಡಸರು ಬನಿಯನ್ನಿನಲ್ಲಿ ಸಾಲುಗಟ್ಟಿ ನಿಂತಿದ್ದರು. ಹೆಚ್ಚಿನವರು ಲಾರಿ ಡ್ರೈವರುಗಳು. ಜೊತೆಗೆ ಪಂಕ್ಚರ್ ಅಂಗಡಿಯವನು, ಲಾರಿ ತೂಕದ ಗುಮಾಸ್ತ, ಒಬ್ಬರು ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಸುದ್ದಿ ಕೇಳಿ ಇದ್ದ ಹಾಗೆಯೇ ಓಡಿ ಬಂದಿದ್ದರು. ಎಲ್ಲರಿಗಿಂತ ಹಿರಿಯನಾದ ಮೀಸೆ ಮಾವ ಹೊಸ್ತಿಲಲ್ಲಿ ನಿಂತು ತನ್ನ ಮೈಮೇಲಿನ ಮುದುಡಿದ ಅಂಗಿಯನ್ನು ನೋಡಿಕೊಂಡಿದ್ದ. "ಈ ಅವತಾರದಲ್ಲಿ ಅಕ್ಕನ ಮುಂದೆ ಹೇಗಪ್ಪಾ ನಿಲ್ಲೋದು? ಎದ್ದು ಕೂತು ಬೈದಾಳು" ಎಂದಿದ್ದ. ಆಗ ಉಳಿದವರೂ ತಮ್ಮತಮ್ಮ ಅಂಗಿ ನೋಡಿಕೊಂಡರು. ಆದರೆ ಆ ಊರಿನಲ್ಲಿದ್ದದ್ದು ಒಂದೇ ಇಸ್ತ್ರಿ ಅಂಗಡಿ. ಅದರ ಯಜಮಾನಿಯೇ ಒಳಕೋಣೆಯಲ್ಲಿ ಬಿಳಿ ದುಪ್ಪಟಿ ಹೊದ್ದು ಮಲಗಿದ್ದಳು. ಗಂಡಸರು ಪೆಚ್ಚಾಗಿ ಮುಖಮುಖ ನೋಡಿಕೊಂಡಾಗ ಕಿಡಿಯೇ ಎದ್ದು ಒಲೆಯಿಂದ ಕೆಂಡ ತಂದು ಇಸ್ತ್ರಿ ಪೆಟ್ಟಿಗೆಗೆ ತುಂಬಿದ್ದಳು. ಸುಮ್ಮನೆ ಕೂತು ಅಳುವುದಕ್ಕಿಂತ ಇದೇ ಸುಲಭ ಅನ್ನಿಸಿತ್ತು ಅವಳಿಗೆ.

ಅವಳ ಅಮ್ಮನನ್ನು ಲಾರಿ ಸ್ಟ್ಯಾಂಡಿಗೆ ಲಾರಿ ಸ್ಟ್ಯಾಂಡೇ "ಇಸ್ತ್ರಿ ಅಕ್ಕ" ಎಂದು ಕರೆಯುತ್ತಿತ್ತು. ಅವಳಿಗಿಂತ ದೊಡ್ಡವರಿಗೂ ಅವಳು ಅಕ್ಕನೇ. ಅರವತ್ತೇಳು ವರ್ಷ. ನಿನ್ನೆ ಮಧ್ಯಾಹ್ನ ಒಂದು ಅಂಗಿಯ ಕಾಲರ್ ಮುಗಿಸಿ, ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, "ಒಂದು ಗಳಿಗೆ ಕೂತ್ಕೋತೀನಿ ಕಣೇ" ಎಂದು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಬಂದವರಿಗೆಲ್ಲ ಚಿಕ್ಕಮ್ಮ ಒಂದೇ ಮಾತು ಹೇಳುತ್ತಿದ್ದಳು: "ಸಾಯೋ ಹೊತ್ತಲ್ಲೂ ಒಬ್ಬರ ಅಂಗಿ ಸುಡಲಿಲ್ಲ ನೋಡಿ ನಮ್ಮಕ್ಕ. ಪೆಟ್ಟಿಗೆ ಇಡೋ ಜಾಗದಲ್ಲೇ ಇಟ್ಟು ಹೋದ್ಲು."

ಕಿಡಿಯ ಕೈ ಇಸ್ತ್ರಿ ಮಾಡುತ್ತಿತ್ತು. ಮನಸ್ಸು ಮಾತ್ರ ಸಾಲಿನ ಕೊನೆಯಲ್ಲಿ ನಿಂತಿದ್ದವನ ಮೇಲಿತ್ತು. ಉಳಿದ ಹದಿನೇಳು ತಲೆಗಳ ಮೇಲೆ ಅವನ ತಲೆ ಹಿತ್ತಲ ಗೋಡೆಯ ಮೇಲಿಟ್ಟ ಮಡಕೆಯ ಹಾಗೆ ಕಾಣುತ್ತಿತ್ತು. ಏಣಿ ಎಂದು ಅವನ ಅಡ್ಡಹೆಸರು. ಇವತ್ತು ಸಂಜೆ ಆರಕ್ಕೆ ಅವನು ಲೋಡು ತೆಗೆದುಕೊಂಡು ಹೊರಡಬೇಕು, ಇಪ್ಪತ್ತನಾಲ್ಕು ದಿನದ ದಾರಿ. ಬಂದ ಮೂರನೇ ದಿನವೇ ಅವನಿಗೂ ಕಿಡಿಗೂ ಮದುವೆ. "ನಾನು ಸತ್ರೂ ಮುಂದೆ ಹಾಕಬೇಡಿ" ಎಂದು ಅಮ್ಮ ತಮಾಷೆಗೆ ಹೇಳಿದ್ದನ್ನು ಈಗ ಎಲ್ಲರೂ ಅಪ್ಪಣೆಯ ಹಾಗೆ ಹಿಡಿದಿದ್ದರು.

ಆ ಮದುವೆಗೆ ಮೊದಲು ಅವನನ್ನು ಒಂದು ಮಾತು ಕೇಳುವುದಿತ್ತು. ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುತ್ತೀಯಾ ಎಂದು. ಕೇಳುತ್ತೇನೆಂದು ಮಾತು ಕೊಟ್ಟಿದ್ದವಳು ಅಮ್ಮ. ಇನ್ನು ಕಿಡಿಯೇ ಕೇಳಬೇಕು, ಆರು ಗಂಟೆಯೊಳಗೆ. ಹೆಸರಿಗೆ ಕಿಡಿಯಾದರೂ, ಅಂಗಡಿಯಲ್ಲಿ ಬಾಕಿ ಚಿಲ್ಲರೆ ಕೇಳುವುದಕ್ಕೂ ನಾಲಿಗೆ ಏಳದ ಹುಡುಗಿ ಅವಳು.

*

ಎರಡು ಹೆದ್ದಾರಿ ಕೂಡುವ ಊರು ಅದು. ಲೋಡಿಗಾಗಿ ಲಾರಿಗಳು ವಾರಗಟ್ಟಲೆ ಕಾಯುತ್ತಿದ್ದವು. ಕಾಯುವ ಗಂಡಸರಿಗೆ ಹೆಂಡದಂಗಡಿ ಎದುರಿಗೆ, ಲಾಡ್ಜು ಅದರ ಹಿಂದೆ. ಆ ಲಾಡ್ಜಿನಲ್ಲಿ ದುಡಿಯುತ್ತಿದ್ದ ಹೆಂಗಸರಿಗೂ ಹೊಟ್ಟೆ, ಮಕ್ಕಳು, ಶಾಲೆಯ ಫೀಸು ಇದ್ದವು. ಗಿರಾಕಿ ಕಾಂಡೋಮ್ ಬೇಡ ಅಂದರೆ ಬೇಕೇ ಬೇಕು ಅನ್ನಲು ಅವರಿಗೆ ಧೈರ್ಯವಿರಲಿಲ್ಲ. ಔಷಧಿ ಅಂಗಡಿಯವನು ಊರಿಗೆಲ್ಲ ಏನಾದರೊಂದು ನಂಟನಾದ್ದರಿಂದ ಕಾಂಡೋಮ್ ಕೇಳಲು ಹೋದವರು ಕೆಮ್ಮಿನ ಸಿರಪ್ಪು ಕೊಂಡು ಬರುತ್ತಿದ್ದರು. ಕೆಮ್ಮಿಲ್ಲದ ಊರಿನಲ್ಲಿ ಅಷ್ಟು ಸಿರಪ್ಪು ಖರ್ಚಾದದ್ದು ಬೇರೆಲ್ಲೂ ಇರಲಿಕ್ಕಿಲ್ಲ. ಆ ಕಾಯಿಲೆ ಓಣಿಯ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಎಲ್ಲ ಮನೆಯಲ್ಲೂ ಅದಕ್ಕೆ "ಜ್ವರ" ಎಂದೇ ಹೆಸರು.

ಕಿಡಿಗೆ ಆರು ವರ್ಷವಾದಾಗ ಲಾರಿ ಡ್ರೈವರಾಗಿದ್ದ ಅವಳ ಅಪ್ಪ ಆ ಜ್ವರದಲ್ಲಿ ತೀರಿಕೊಂಡ. ಅಮ್ಮನ ರಕ್ತ ನೋಡಿದರು, ಇತ್ತು. ಕಿಡಿಯದು ನೋಡಿದರು, ಇರಲಿಲ್ಲ. ಡಾಕ್ಟರು ಅಮ್ಮನಿಗೆ ಎರಡು ವರ್ಷ ಎಂದರು. ಪಾಪ, ಆ ಡಾಕ್ಟರು ಹೋಗಿಯೇ ಹನ್ನೊಂದು ವರ್ಷವಾಯಿತು. ಅಮ್ಮ ದಿನಾ ಎಂಟು ಗಂಟೆಗೆ ಮಾತ್ರೆ ನುಂಗಿಕೊಂಡು ಇಪ್ಪತ್ತೆರಡು ವರ್ಷ ಇಸ್ತ್ರಿ ಮಾಡಿದಳು.

ಸುದ್ದಿ ಹಬ್ಬಿದ ಹೊಸದರಲ್ಲಿ ಅಂಗಡಿಗೆ ಒಂದು ಕರವಸ್ತ್ರವೂ ಬರಲಿಲ್ಲ. ಹತ್ತು ದಿನ ತಾಯಿ ಮಗಳು ಖಾಲಿ ಮೇಜನ್ನು ನೋಡುತ್ತ ಕೂತರು. ಹನ್ನೊಂದನೆಯ ದಿನ ಮೀಸೆ ಮಾವ ಒಂದು ಗಂಟು ತಂದು ಮೇಜಿನ ಮೇಲೆ ಕುಕ್ಕಿದ. "ಸಾಯಂಕಾಲ ಬೇಕು" ಎಂದು ಗದರಿಸಿ ಹೋದ. ಅಮ್ಮ ಗಂಟು ಬಿಚ್ಚಿದರೆ ಏಳು ಅಂಗಿ. ಏಳೂ ಅವಳೇ ಹಿಂದಿನ ತಿಂಗಳು ಇಸ್ತ್ರಿ ಮಾಡಿ ಕೊಟ್ಟಿದ್ದವು. ತೊಟ್ಟಿರಲಿಲ್ಲ. ಮಡಿಕೆಯ ಗೆರೆಗಳು ಹಾಗೇ ಇದ್ದವು. ದಾರಿಯಲ್ಲಿ ಬರುತ್ತ ಕೈಯಲ್ಲಿ ಹಿಚುಕಿ ಹಿಚುಕಿ ಮುದುಡಿಸಿಕೊಂಡು ತಂದಿದ್ದ, ಪುಣ್ಯಾತ್ಮ.

ಅಮ್ಮ ಏಳನ್ನೂ ಮತ್ತೆ ಇಸ್ತ್ರಿ ಮಾಡಿದಳು. ಆಮೇಲೆ ಆಸ್ಪತ್ರೆಯ ನರ್ಸು ತನಗೆ ಕೊಟ್ಟಿದ್ದ ಡಬ್ಬಿಯಿಂದ ಎರಡು ಕಾಂಡೋಮ್ ಪ್ಯಾಕೆಟ್ಟು ತೆಗೆದು ಒಂದು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿದಳು. ಅವಳಿಗೆ ತಿಳಿದಿದ್ದ ವಂದನೆ ಅದು.

ಶುರುವಾದದ್ದು ಹಾಗೆ. ದೂರ ಹೋಗುವ ಡ್ರೈವರುಗಳ ಅಂಗಿಯ ಜೇಬಿನಲ್ಲಿ ಎರಡೆರಡು. ಅಂಗಿ ತಣ್ಣಗಾಗುವ ತನಕ ಇಡಬಾರದು, ಬಿಸಿಗೆ ರಬ್ಬರು ಹಾಳಾಗುತ್ತದೆ ಎಂದು ಆಮೇಲೆ ಬಂದ ಈಗಿನ ನರ್ಸಮ್ಮ ಕಲಿಸಿಕೊಟ್ಟಿದ್ದಳು. ಆದ್ದರಿಂದ ಡ್ರೈವರುಗಳ ಅಂಗಿ ಮಾತ್ರ ಕಿಟಕಿಯ ಬಳಿ ಒಂದು ಗಂಟೆ ಆರುತ್ತಿತ್ತು. ಇಟ್ಟವಳು ಮಾತಾಡಲಿಲ್ಲ, ತೆಗೆದವರು ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

*

"ಯಾವತ್ತೂ ತಪ್ಪಲಿಲ್ಲ ಬಿಡಿ ಅಕ್ಕ" ಎಂದ ಹೊರಗೆ ಪಂಕ್ಚರ್ ಅಂಗಡಿಯವನು.

"ಒಂದ್ಸಲ ತಪ್ಪಿದಳಪ್ಪ" ಎಂದರು ಮೇಷ್ಟ್ರು ಬನಿಯನ್ನು ಎಳೆದುಕೊಳ್ಳುತ್ತ. "ನನ್ನ ಅಂಗಿ, ಈ ಮೀಸೆಯವನ ಅಂಗಿ ಒಂದೇ ದಿನ ಬಂದಿದ್ವು. ಇವನ ಸರಕು ನನ್ನ ಜೇಬಿಗೆ ಬಂತು."

"ಅಯ್ಯಯ್ಯೋ! ಎಲ್ಲಿ ಗೊತ್ತಾಯ್ತು?"

"ನನಗೆಲ್ಲಿ ಗೊತ್ತಾಗುತ್ತೆ? ಗೊತ್ತಾಗಿದ್ದು ನಮ್ಮನೆಯವಳಿಗೆ. ಒಲೆಯ ಇಕ್ಕಳದಲ್ಲಿ ಹಿಡ್ಕೊಂಡು, ಬೀದಿ ಉದ್ದಕ್ಕೂ ಹಾವು ಹಿಡಿದವಳ ಹಾಗೆ ಇಲ್ಲಿಗೆ ಬಂದಳು. ಅಕ್ಕ ಒಂದು ಗಂಟೆ ಕೂರಿಸಿಕೊಂಡು ಮಾತಾಡಿಸಿದ್ದಾಳೆ. ಹೋಗುವಾಗ ನಮ್ಮನೆಯವಳು ಒಂದು ಡಬ್ಬಿ ಕೇಳಿ ತಗೊಂಡು ಹೋದಳು, ಮದುವೆಗೆ ಬಂದಿದ್ದ ತಮ್ಮನ ಮಗನಿಗೆ ಬುದ್ಧಿ ಹೇಳೋಕೆ. ನನ್ನನ್ನ ಮಾತ್ರ ಮೂರು ದಿನ ಸೊಟ್ಟಗೇ ನೋಡಿದಳು."

"ನಿಮ್ಮದು ಪರವಾಗಿಲ್ಲ ಮೇಷ್ಟ್ರೇ, ನನ್ನ ಗತಿ ಕೇಳಿ" ಎಂದ ಮೀಸೆ ಮಾವ. "ಜೇಬಲ್ಲಿ ಸಿಕ್ಕಿದ್ದನ್ನ ಕಾಗದದಲ್ಲಿ ಸುತ್ತಿ ವಾಪಸ್ ಇಡೋದು ಅಕ್ಕನ ಪದ್ಧತಿ ಅಲ್ವಾ? ನಿಮ್ಮ ಸೀಮೆಸುಣ್ಣ ನನ್ನ ಜೇಬಿಗೆ ಬಂತು. ಬಿಚ್ಚಿ ನೋಡ್ತೀನಿ, ಬೆಳ್ಳಗೆ, ಉರುಟಾಗಿ. ಓಹೋ, ಸರ್ಕಾರದವರು ಈಗ ಮಾತ್ರೆ ಮಾಡಿದ್ದಾರೆ ಅಂದ್ಕೊಂಡೆ."

"ಆಮೇಲೆ?"

"ಆಮೇಲೇನು? ಅರ್ಧ ಕಚ್ಚಿ ತಿಂದೆ."

ಬನಿಯನ್ನುಗಳ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಳಗೆ ಹೆಣದ ಬಳಿ ಕೂತಿದ್ದ ಹೆಂಗಸರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಸಾವಿನ ಮನೆ ಕಣ್ರೋ!" ಎಂದು ಚಿಕ್ಕಮ್ಮ ಗದರಿದಳು. ಅವಳಿಗೂ ನಗು ತಡೆಯಲಾಗಲಿಲ್ಲ. "ಎಷ್ಟು ದಿನ ಕೆಲಸ ಮಾಡ್ತು ಆ ಸುಣ್ಣ?" ಎಂದು ಅವಳೇ ಕೇಳಿಬಿಟ್ಟಳು.

ಅದೇ ಹೊತ್ತಿಗೆ ಕಿಡಿಯ ಕೈಗೆ ನೀಲಿ ದಾರದ ಅಂಗಿ ಬಂತು. ಮೇಷ್ಟ್ರ ಪ್ರಸಂಗದ ನಂತರ ಅಮ್ಮ ಎಲ್ಲರ ಅಂಗಿಯ ಕಾಲರಿನ ಒಳಗೆ ಒಂದೊಂದು ಬಣ್ಣದ ದಾರದ ಹೊಲಿಗೆ ಹಾಕಿದ್ದಳು. ಮುಖ ನೋಡುವುದು ಬೇಡ, ದಾರ ನೋಡಿದರೆ ಸಾಕು. ನೀಲಿ ದಾರ ಏಣಿಯದು.

ಕಿಡಿ ಆ ಅಂಗಿಯನ್ನು ಮೇಜಿನ ಮೇಲೆ ಹರವಿದಳು.

*

ಹೋದ ಸೋಮವಾರ ತಾಯಿ ಮಗಳು ಮೇಜಿನ ಎರಡು ಬದಿಗೆ ನಿಂತು ಒಂದು ದೊಡ್ಡ ಚಾದರ ಮಡಚುತ್ತಿದ್ದರು.

"ಅವನ್ನ ಆ ಮಾತು ಕೇಳಿದ್ಯಾ?" ಎಂದಳು ಅಮ್ಮ.

"ಹೇಗಮ್ಮಾ ಕೇಳೋದು? ನನ್ನ ಮೇಲೆ ನಂಬಿಕೆ ಇಲ್ವಾ ಅಂದ್ರೆ?"

"ನಾನೂ ನಿಮ್ಮಪ್ಪನ್ನ ಹಾಗಂದ್ಕೊಂಡೇ ಕೇಳಲಿಲ್ಲ. ಒಳ್ಳೆಯವರೇ ಅವರು. ಒಂದು ದಿನ ಕೈ ಎತ್ತಿದವರಲ್ಲ. ತಿಂಗಳಿಗೊಮ್ಮೆ ಬರೋರು, ಬಂದಾಗ ಜಗಳ ಯಾಕೆ ಅಂತ ಸುಮ್ಮನಾದೆ. ನಾನು ಸುಮ್ಮನಿದ್ದೆ, ಅವರೂ ಸುಮ್ಮನಿದ್ರು. ಇಬ್ಬರ ಮಧ್ಯೆ ಅದು ಆರಾಮಾಗಿ ಬಂದು ಮಲಗಿಬಿಡ್ತು." ಅಮ್ಮ ಚಾದರದ ತುದಿ ಹಿಡಿದು ಅವಳ ಹತ್ತಿರ ಬಂದಳು. "ಗುರುವಾರ ಅವನು ಬರ್ತಾನಲ್ಲ, ನಾನೇ ಕೇಳ್ತೀನಿ ಬಿಡು. ನೀನು ಕೇಳಿದ್ರೆ ಅನುಮಾನ ಅಂತಾನೆ. ನಾನು ಕೇಳಿದ್ರೆ, ಮುದುಕಿಗೆ ಸುಟ್ಟ ಕೈ, ಕೇಳ್ತಾಳೆ ಅಂತಾನೆ."

ಗುರುವಾರ ಬಂದಿತ್ತು. ಅವನೂ ಬಂದಿದ್ದ. ಅಮ್ಮ ಬುಧವಾರವೇ ಹೊರಟಿದ್ದಳು.

*

ಕಿಡಿ ನೀಲಿ ದಾರದ ಅಂಗಿಯನ್ನು ಉಳಿದವಕ್ಕಿಂತ ಹೆಚ್ಚು ಹೊತ್ತು ಇಸ್ತ್ರಿ ಮಾಡಿದಳು. ಆಮೇಲೆ ಹಳೆಯ ಕ್ಯಾಲೆಂಡರಿನ ಒಂದು ಚೂರು ಹರಿದು, ಗೋಡೆಗೆ ತಿರುಗಿ ನಿಂತು ನಾಲ್ಕು ಸಾಲು ಬರೆದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ಗುಂಡಿ ಹಾಕಿದಳು. ಅಮ್ಮ ಇಷ್ಟು ವರ್ಷ ಬಾಯಿ ಬಿಡದೆ ಜೇಬಿನಿಂದಲೇ ಊರು ಕಾಯ್ದಳಲ್ಲ. ಮಗಳಿಗೂ ಅಷ್ಟು ಸಾಲದೆ?

ಚಿಕ್ಕಮ್ಮ ಅಂಗಿಗಳ ಅಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋಗಿ ಹಂಚಿದಳು. ಹದಿನೆಂಟು ಜನ ಗರಿಗರಿಯಾಗಿ ತಯಾರಾದರು. "ಈಗ ನೋಡಲಿ ಅಕ್ಕ" ಎಂದು ಯಾರೋ ಅಂದರು. ಒಬ್ಬೊಬ್ಬರೇ ಒಳಗೆ ಬಂದು ಕೈಮುಗಿದು ನಿಂತು ಹೋದರು.

ಮೆರವಣಿಗೆ ಹೊರಟು ಪೆಟ್ರೋಲ್ ಬಂಕ್ ದಾಟುವಾಗ ಕಿಡಿ ತಲೆಯೆತ್ತಿ ಮುಂದೆ ನೋಡಿದಳು. ಹೆಗಲು ಕೊಟ್ಟವರಲ್ಲಿ ಏಣಿ ಮುಂದಿನ ಎಡಗಡೆ ಇದ್ದ. ಉಳಿದವರ ಎತ್ತರಕ್ಕೆ ಹೊಂದಿಸಲು ಮಂಡಿ ಬಗ್ಗಿಸಿಕೊಂಡು ಬಾತುಕೋಳಿಯ ಹಾಗೆ ನಡೆಯುತ್ತಿದ್ದ. ಅವನ ಮೈಮೇಲೆ ಯಾರದೋ ಗಿಡ್ಡ ತೋಳಿನ ಹಳೆಯ ಅಂಗಿ ಇತ್ತು. ಅದು ಅವನ ಸೊಂಟದವರೆಗೂ ಬಂದಿರಲಿಲ್ಲ.

ಹಾಗಾದರೆ ನೀಲಿ ದಾರದ್ದು?

ಪಕ್ಕದಲ್ಲೇ ಮೀಸೆ ಮಾವ ನಡೆಯುತ್ತಿದ್ದ. ಹೊಟ್ಟೆಯ ಮೇಲೆ ಗುಂಡಿಗಳು ಈಗಲೋ ಆಗಲೋ ಎನ್ನುತ್ತಿದ್ದವು. ತೋಳು ಮೂರು ಮಡಿಕೆ ಮಡಚಿದರೂ ಬೆರಳ ತುದಿಗೆ ಇಳಿದಿತ್ತು.

"ಮಾವ, ಈ ಅಂಗಿ..."

"ಏಣಿದು ಕಣಮ್ಮ" ಎಂದ ಮಾವ. "ನೀನು ಇಸ್ತ್ರಿ ಮಾಡಿದ್ರೂ ನನ್ನದರ ಗ್ರೀಸು ಹೋಗಿರಲಿಲ್ಲ. ಅಂಥದ್ದು ಹಾಕ್ಕೊಂಡು ಬರಲ್ಲ ಅಂತ ಅಳ್ತಾ ಕೂತಿದ್ದೆ. ತನ್ನದು ಬಿಚ್ಚಿ ಕೊಟ್ಟುಬಿಟ್ಟ. ಇವತ್ತಿನ ಕಾಲದಲ್ಲಿ ಯಾರು ಕೊಡ್ತಾರೆ ಹೇಳು?"

"ಮಾವ, ಜೇಬು ಒಂಚೂರು..."

ಮಾವ ಬಲಗೈಯನ್ನು ಎದೆಯ ಮೇಲೆ, ಸರಿಯಾಗಿ ಜೇಬಿನ ಮೇಲೆ ಇಟ್ಟುಕೊಂಡ. "ಇಲ್ಲಿ ಹಿಂಡ್ತಾ ಇದೆ ತಾಯಿ, ಇಲ್ಲಿ" ಎಂದ. ಮಣ್ಣು ಹಾಕುವಾಗ ಎಡಗೈಯಲ್ಲಿ ಹಾಕಿದ. ಬಲಗೈ ಜೇಬು ಬಿಡಲಿಲ್ಲ. ಅಮ್ಮನ ಮೇಲೆ ಮಣ್ಣು ಬೀಳುತ್ತಿದ್ದಾಗ ಕಿಡಿಗೆ ಅಳು ಬಂತು. ಆ ಅಳುವಿನ ನಡುವೆಯೂ ಒಂದು ಕಣ್ಣು ಮಾವನ ಕೈ ಮೇಲೇ ಇತ್ತು. ಅಮ್ಮ ಇದ್ದಿದ್ದರೆ ಇದನ್ನು ಹೇಳಿಕೊಂಡು ನಗಬಹುದಿತ್ತು ಅನ್ನಿಸಿ ಮತ್ತಷ್ಟು ಅತ್ತಳು.

ಮಣ್ಣು ಮುಗಿಸಿ ಎಲ್ಲರೂ ಅಂಗಡಿಯ ಅಂಗಳಕ್ಕೆ ಮರಳಿದಾಗ ಮೂರು ಗಂಟೆ. ಚಿಕ್ಕಮ್ಮ ದೊಡ್ಡ ಪಾತ್ರೆಯಲ್ಲಿ ಚಹಾ ತಂದಿಟ್ಟಳು. ಆಸ್ಪತ್ರೆಯ ನರ್ಸಮ್ಮನೂ ಒಂದು ಲೋಟ ಹಿಡಿದು ಇದ್ದಿಲ ಚೀಲದ ಮೇಲೆ ಕೂತಳು. ಕಿಡಿ ಮಾವನ ಕಡೆಗೆ ಎರಡು ಹೆಜ್ಜೆ ಇಟ್ಟಿರಬೇಕು, ಅಷ್ಟರಲ್ಲಿ ಮಾವ ಬೆವರು ಒರೆಸಿಕೊಳ್ಳಲು ಏನೋ ಹುಡುಕುತ್ತ ಜೇಬಿನ ಗುಂಡಿ ಬಿಚ್ಚಿದ.

"ಚೀಟಿ!" ಎಂದ. ಅವನ ಮೀಸೆ ಅದುರಿತು. "ಲೋ, ಅಕ್ಕ ಏನೋ ಬರೆದಿಟ್ಟು ಹೋಗಿದ್ದಾಳೆ ಕಣ್ರೋ!"

ಎಲ್ಲರೂ ಲೋಟ ಕೆಳಗಿಟ್ಟು ಸುತ್ತ ನೆರೆದರು. ಮಾವನ ಕನ್ನಡಕ ಲಾರಿಯಲ್ಲಿತ್ತು. "ಮೇಷ್ಟ್ರೇ, ನೀವು ಓದಿ. ಜೋರಾಗಿ ಓದಿ, ಎಲ್ಲರೂ ಕೇಳಲಿ."

"ಬೇಡ ಮೇಷ್ಟ್ರೇ" ಎಂದಳು ಕಿಡಿ. ಆ ದನಿ ಅವಳಿಗೇ ಕೇಳಿಸಲಿಲ್ಲ.

ಮೇಷ್ಟ್ರು ಮೂವತ್ತೈದು ವರ್ಷ ಕೊನೆಯ ಬೆಂಚಿಗೆ ಕೇಳುವ ಹಾಗೆ ಪಾಠ ಹೇಳಿದವರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: "'ಬಾಯಲ್ಲಿ ಕೇಳೋಕೆ ನಂಗೆ ಬರ್ತಿಲ್ಲ. ಮದುವೆಗೆ ಮುಂಚೆ ಇಬ್ಬರೂ ಒಟ್ಟಿಗೆ ಹೋಗಿ ಎಚ್‌ಐವಿ ಪರೀಕ್ಷೆ ಮಾಡಿಸೋಣ. ಅನುಮಾನ ಅಲ್ಲ. ನಿನ್ನ ಮೇಲೆ ಆಸೆ ಇರೋದಕ್ಕೇ...'" ಮೇಷ್ಟ್ರು ತಡವರಿಸಿದರು. ಓದಲು ಶುರು ಮಾಡಿದ್ದನ್ನು ನಿಲ್ಲಿಸುವ ಅಭ್ಯಾಸವಿಲ್ಲದೆ ದನಿ ತಗ್ಗಿಸಿ ಮುಗಿಸಿದರು: "'...ಕೇಳ್ತಿದ್ದೀನಿ. ಇವತ್ತು ಲಾರಿ ಹತ್ತೋ ಮುಂಚೆ ಹೇಳು.'"

ಹದಿನೇಳು ಜನರೂ ಮೀಸೆ ಮಾವನನ್ನು ನೋಡಿದರು.

"ನನ್ನ ಮೇಲಾ?" ಎಂದ ಮಾವ, ಅರವತ್ತೊಂಬತ್ತು ವರ್ಷದವನು. "ಯಾರಮ್ಮಾ ಅದು?"

ಈಗ ಸುಮ್ಮನಿದ್ದುಬಿಡಬಹುದಿತ್ತು. ಮಾವನ ಹೆಸರಿಗೆ ಒಂದು ತಮಾಷೆಯಾಗಿ ಅದು ಊರೆಲ್ಲ ಓಡಾಡಿ ಮುಗಿಯುತ್ತಿತ್ತು. ಏಣಿ ಆರು ಗಂಟೆಗೆ ಹೊರಡುತ್ತಿದ್ದ. ಕಿಡಿ ಅಂಗಡಿಯ ಬಾಗಿಲ ಕಡೆ ನೋಡಿದಳು. ಮೇಜಿನ ಹಿಂದೆ ಯಾರೂ ಇರಲಿಲ್ಲ.

"ಅದು ನಾನು ಬರೆದಿದ್ದು" ಎಂದಳು. "ಮಾವನಿಗಲ್ಲ."

ಹದಿನೇಳು ತಲೆಗಳು ಏಣಿಯ ಕಡೆಗೆ ತಿರುಗಿದವು. ಅವನ ಕಿವಿ ಕೆಂಪಾಯಿತು. ಅಷ್ಟು ಎತ್ತರದಲ್ಲಿ ಅದು ದೂರದವರೆಗೂ ಕಾಣುತ್ತಿತ್ತು.

"ಇವತ್ತಾ ಕಣೇ? ತಾಯಿಯ ಮಣ್ಣು ಇನ್ನೂ ಹಸಿ ಇದೆ. ಎಲ್ಲರೆದುರಿಗೆ ಇದೇನು?" ಎಂದು ಚಿಕ್ಕಮ್ಮ ತೋಳು ಜಗ್ಗಿದಳು.

"ನಾಳೆ ಅವನಿರಲ್ಲ ಚಿಕ್ಕಮ್ಮ" ಎಂದು ಕಿಡಿ ಅವನ ಕಡೆಗೇ ತಿರುಗಿದಳು. "ಎಲ್ಲರೂ ಕೇಳಿಸಿಕೊಂಡಾಯ್ತು. ಇನ್ನು ಬಾಯಲ್ಲೇ ಕೇಳ್ತೀನಿ. ಬರ್ತೀಯಾ? ನಾನೂ ಮಾಡಿಸ್ತೀನಿ."

ಏಣಿ ಎಲ್ಲರ ಮುಖ ನೋಡಿದ. "ಹಿಂದ್ಗಡೆ ಬಾ, ಒಂದು ಮಾತಿದೆ" ಎಂದು ಅಂಗಡಿಯ ಹಿತ್ತಲಿಗೆ ನಡೆದ. ಕಿಡಿ ಹಿಂದೆಯೇ ಹೋದಳು.

ಅಲ್ಲಿ ಬಟ್ಟೆ ಒಣಗಿಸುವ ತಂತಿಗಳ ಕೆಳಗೆ ಅವನು ಬಗ್ಗಿ ನಿಂತ. ಕಾಲಬೆರಳಲ್ಲಿ ಮಣ್ಣು ಕೆದಕಿದ.

"ಅಕ್ಕನೇ ಕೇಳ್ತಾರೆ ಅಂತ ನಾನೂ ಕಾಯ್ತಿದ್ದೆ" ಎಂದ. "ಕೇಳಿದ್ರೆ ಹೇಳಿಬಿಡೋಣ ಅಂತ. ಎರಡು ವರ್ಷದ ಹಿಂದೆ, ನಮ್ಮ ಮಾತು ಆಗೋಕೆ ಮುಂಚೆ. ಗೋದಾಮಿನ ಮುಂದೆ ಲೋಡಿಗೆ ಆರು ದಿನ ಕಾದ್ವಿ. ಕೆಲಸ ಇಲ್ಲ, ಕಾರ್ಯ ಇಲ್ಲ. ಜೊತೆಯವರು ಕುಡಿಸಿದ್ರು. ಅಲ್ಲ, ಅವರು ಕುಡಿಸಿದ್ದಲ್ಲ, ನಾನೇ ಕುಡಿದೆ. ಆಮೇಲೆ ಲಾಡ್ಜಿಗೆ ಹೋದೆ. ಅಕ್ಕ ಇಟ್ಟಿದ್ದು ಜೇಬಲ್ಲೇ ಇತ್ತು ಕಣೇ. ಅಂಗಿ ಲಾರೀಲಿತ್ತು. ನಾನು ಬನಿಯನ್ನಲ್ಲಿದ್ದೆ."

ಕಿಡಿ ತಂತಿಯ ಮೇಲಿದ್ದ ಒಂದು ಕ್ಲಿಪ್ಪು ತೆಗೆದು ಮತ್ತೆ ಅಲ್ಲೇ ಹಾಕಿದಳು. ಆ ಹೆಂಗಸು ಯಾರೋ, ಅವಳಿಗೆ ಯಾರಾದರೂ ಒಂದು ಡಬ್ಬಿ ಕೊಟ್ಟಿದ್ದರೋ ಇಲ್ಲವೋ ಎಂದು ಕಿಡಿಗೆ ಅನ್ನಿಸಿತು. ಅಮ್ಮನ ಜೊತೆ ಬೆಳೆದವರಿಗೆ ಹಾಗೆಲ್ಲ ಅನ್ನಿಸುತ್ತದೆ.

"ಅವತ್ತಿಂದ ಪರೀಕ್ಷೆಗೆ ಹೋಗೋಕೆ ಭಯ" ಎಂದ ಅವನು. "ನಿನಗೆ ಹೇಳೋಕೆ ಇನ್ನೂ ಭಯ. ಬಂದಿದ್ರೆ?"

"ಬಂದಿದ್ರೆ ಮಾತ್ರೆ. ಇಪ್ಪತ್ತೆರಡು ವರ್ಷ ಎಂಟು ಗಂಟೆಗೆ ನೀರಿನ ಲೋಟ ತಂದುಕೊಟ್ಟವಳು ನಾನೇ. ಗಂಟೆ ತಪ್ಪಿದ್ರೆ ಬೈಯ್ಯೋದು ಚೆನ್ನಾಗಿ ಗೊತ್ತು."

"ಮದುವೆ?"

"ಅದಕ್ಕೂ ದಾರಿ ಇದೆಯಂತೆ, ನರ್ಸಮ್ಮ ಅಮ್ಮನ ಹತ್ರ ಹೇಳ್ತಿದ್ರು. ಕೂತು ಕೇಳೋಣ. ನೀನು ಹೇಳಿದೆಯಲ್ಲ, ನನಗೆ ಬೇಕಾಗಿದ್ದು ಅದು." ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಈಗ ಮುಖ ತೊಳ್ಕೋ. ಈ ಅಂಗೀಲಿ ನಿನ್ನ ಹೊಟ್ಟೆ ಕಾಣ್ತಾ ಇದೆ."

ಅವನು ನಕ್ಕ. ಆ ದಿನ ಅವನು ನಕ್ಕದ್ದು ಅದೇ ಮೊದಲು.

ಇಬ್ಬರೂ ಅಂಗಳಕ್ಕೆ ಬಂದಾಗ ಅಲ್ಲಿ ಎಲ್ಲರೂ ಇದ್ದಕ್ಕಿದ್ದಂತೆ ಚಹಾದ ಲೋಟದೊಳಗೆ ಇಣುಕುತ್ತ ನಿಂತರು. ನರ್ಸಮ್ಮ ಮಾತ್ರ ಎದ್ದು ಹಿಂಬದಿಯ ಇದ್ದಿಲ ಪುಡಿ ಕೊಡವಿಕೊಂಡಳು. "ಐದರ ತನಕ ನನ್ನ ಕೋಣೆ ತೆರೆದಿರುತ್ತೆ. ಎರಡು ವರ್ಷದ ಹಳೇ ಭಯಕ್ಕೆ ಅರ್ಧ ಗಂಟೆ ಸಾಕು" ಎಂದಳು, ಯಾರಿಗೂ ಅಲ್ಲ ಎನ್ನುವ ಹಾಗೆ, ಇಂಥ ಮಾತು ಆಡುವುದರಲ್ಲಿ ಅವಳು ನುರಿತವಳು.

"ತಡೀರಿ, ನಾನೂ ಬರ್ತೀನಿ" ಎಂದ ಮೀಸೆ ಮಾವ.

"ನಿಮಗ್ಯಾಕೆ ಮಾವ?"

"ನಂದು ನೋಡಿಸಿ ಏಳು ವರ್ಷ ಆಯ್ತು. ಚೀಟಿ ಸಿಕ್ಕಿದ್ದು ನನ್ನ ಜೇಬಲ್ಲಿ ತಾನೇ? ಕರೆದ ಮೇಲೆ ಹೋಗದೇ ಇರೋಕಾಗುತ್ತಾ?"

ಪಂಕ್ಚರ್ ಅಂಗಡಿಯವನು ತಲೆ ಕೆರೆದುಕೊಂಡ. "ಹಾಗಾದ್ರೆ ನಾನೂ ಬರ್ತೀನಿ. ಒಬ್ಬನೇ ಹೋದ್ರೆ ನೋಡಿದವರು ಏನಾದ್ರೂ ಅಂದ್ಕೋತಾರೆ. ಗುಂಪಲ್ಲಿ ಹೋದ್ರೆ ಯಾರಂತ ಅಂದ್ಕೋತಾರೆ?" ತೂಕದ ಗುಮಾಸ್ತನೂ ಎದ್ದ. ಮೂವರು ಡ್ರೈವರುಗಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಎದ್ದರು. ಮೇಷ್ಟ್ರು, "ನಾನು ಬರೋದು ನಮ್ಮನೆಯವಳಿಗೆ ಹೇಳಬೇಡಿ" ಎಂದು ಎದ್ದು, ಒಂದು ಗಳಿಗೆ ಯೋಚಿಸಿ, "ಅಥವಾ ಹೇಳಿ. ಅವಳೂ ಬರಲಿ" ಎಂದರು. ಚಿಕ್ಕಮ್ಮ ಪಾತ್ರೆ ಮುಚ್ಚುತ್ತ, "ಹೋಗ್ರಪ್ಪಾ ಹೋಗಿ, ಬಂದ ಮೇಲೆ ಇನ್ನೊಂದು ಸಲ ಚಹಾ ಮಾಡ್ತೀನಿ. ರಕ್ತ ಕೊಟ್ಟು ಬಂದವರಿಗೆ ಸಕ್ಕರೆ ಜಾಸ್ತಿ ಹಾಕ್ತೀನಿ" ಎಂದಳು.

ಆಸ್ಪತ್ರೆಯ ಹಿಂಬದಿಯ ಪಡಸಾಲೆಯಲ್ಲಿ, ಕೊನೆಯ ಕೋಣೆಯ ಮುಂದೆ ಒಂದು ಉದ್ದ ಬೆಂಚು. ನಾಲ್ಕೂವರೆಯ ಹೊತ್ತಿಗೆ ಅದರ ಮೇಲೆ ಗರಿಗರಿ ಅಂಗಿಯ ಏಳು ಗಂಡಸರು, ಅವರ ನಡುವೆ ಕಿಡಿ, ಅವಳ ಪಕ್ಕ ಗಿಡ್ಡ ಅಂಗಿಯ ಏಣಿ. ಎಲ್ಲರೂ ಒಂದು ತೋಳು ಮಡಚಿ, ಹತ್ತಿಯ ಉಂಡೆ ಒತ್ತಿ ಹಿಡಿದು, ಮೊದಲ ದಿನ ಶಾಲೆಗೆ ಬಂದ ಮಕ್ಕಳ ಹಾಗೆ ಕೂತಿದ್ದರು. ಅಲ್ಲಿ ಬಕೆಟ್ಟು ಹಿಡಿದು ಹೋಗುತ್ತಿದ್ದ ಆಯಾ, "ಏನಿದು, ಯಾರದ್ದಾದ್ರೂ ಮದುವೆಯಾ?" ಎಂದಳು.

"ಹೂಂ, ಮುಂದಿನ ತಿಂಗಳು" ಎಂದ ಮೀಸೆ ಮಾವ.

"ಒಬ್ಬೊಬ್ಬರೇ ಬರಬೇಕು. ಒಳಗೆ ಹೇಳಿದ್ದು ಒಳಗೇ ಇರುತ್ತೆ" ಎಂದು ನರ್ಸಮ್ಮ ಬಾಗಿಲಲ್ಲಿ ನಿಂತು ಒಂದು ನಂಬರು ಕರೆದಳು.

ಏಣಿ ಅಂಗೈಯಲ್ಲಿದ್ದ ನಂಬರಿನ ಚೀಟಿ ನೋಡಿಕೊಂಡ. ಅವನದೇ. ಅವನು ಎದ್ದ, ಆದರೆ ಹೊರಡಲಿಲ್ಲ. "ಸಿಸ್ಟರ್, ಇವಳೂ ಬರಬಹುದಾ? ನನ್ನದು ಏನಿದ್ರೂ ಇವಳ ಮುಂದೇನೇ ಹೇಳಿ."

"ನೀನು ಒಪ್ಪಿದ್ರೆ ಬರಬಹುದು."

ಅವನು ನಡೆದ. ಕಣ್ಣು ನರ್ಸಮ್ಮನ ಕೈಯಲ್ಲಿದ್ದ ಹಾಳೆಯ ಮೇಲೇ ನೆಟ್ಟಿತ್ತು, ಎದುರಿಗೇನಿದೆ ಎಂಬುದರ ಮೇಲಿರಲಿಲ್ಲ. ಆ ಕೋಣೆಯ ಬಾಗಿಲು ಹಳೆಯ ಕಾಲದ್ದು, ತಗ್ಗಿನದು. ಕಿಡಿ ಬಿರಬಿರನೆ ಅವನನ್ನು ದಾಟಿ ಮುಂದೆ ಹೋಗಿ, ತುದಿಗಾಲಲ್ಲಿ ನಿಂತು, ಅವನ ಹಣೆ ತಾಗುವ ಜಾಗದಲ್ಲಿ ಬಾಗಿಲ ಮೇಲ್ಪಟ್ಟಿಗೆ ತನ್ನ ಅಂಗೈಯನ್ನು ಅಡ್ಡ ಇಟ್ಟು ಹಿಡಿದುಕೊಂಡಳು.